ನೂರೆಂಬತ್ತು ದಿನದ ಪಟ್ಟಿ

ಎಲ್ಲವನ್ನೂ ಒಂದೇ ಪೆನ್ನಿನಲ್ಲಿ ಬರೆದುಬಿಟ್ಟೆನಲ್ಲ ಎಂದು ತಮೇಕಾಗೆ ಹೊಳೆದದ್ದು ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಅಡುಗೆಮನೆಗೆ ಓಡಿ ಮೇಜಿನ ಮೇಲಿದ್ದ ಫೈಲು ಬಿಚ್ಚಿದಳು. ಅಕ್ಟೋಬರ್ ನೀಲಿ, ನವೆಂಬರ್ ನೀಲಿ, ಕ್ರಿಸ್‌ಮಸ್ಸಿನ ಹಿಂದಿನ ದಿನ ನೀಲಿ, ಜೂನ್ ತನಕ ಅದೇ ನೀಲಿ, ಅದೇ ಓರೆ ಅಕ್ಷರ, ಅದೇ ಆತುರ. ಮನೆಯಲ್ಲೇ ಮಗಳಿಗೆ ಪಾಠ ಹೇಳಿದ ನೂರೆಂಬತ್ತು ದಿನಗಳ ಪಟ್ಟಿ ಅದು. ಅಂದಿನದನ್ನು ಅಂದೇ ಬರೆದಿಡಬೇಕೆಂದು ಪೆನ್ಸಿಲ್ವೇನಿಯಾದ ಕಾನೂನು. ತಮೇಕಾ ಅದನ್ನು ಬರೆದದ್ದು ಮೊನ್ನೆ ಶನಿವಾರ ಮತ್ತು ನಿನ್ನೆ ಭಾನುವಾರ, ಹಿತ್ತಲಲ್ಲಿ ಗಂಡ ಲಮಾಂಟ್ ಕೋಳಿ ಸುಡುತ್ತಿದ್ದ ಹೊಗೆಯ ನಡುವೆ ಕೂತು. ಹತ್ತು ಗಂಟೆಗೆ ಮಿಸೆಸ್ ವಿಟೇಕರ್ ಬರುತ್ತಾರೆ. ಅವರು ಫೈಲು ನೋಡಿ, ಮಗುವನ್ನು ಮಾತಾಡಿಸಿ, ಈ ಮನೆಯಲ್ಲಿ ತಕ್ಕ ಶಿಕ್ಷಣ ನಡೆದಿದೆ ಎಂಬ ಪತ್ರಕ್ಕೆ ಸಹಿ ಹಾಕಿದರೆ ಮಗಳು ಝೂರಿ ಮುಂದಿನ ವರ್ಷವೂ ಮನೆಯಲ್ಲೇ ಓದಬಹುದು. ಹಾಕದಿದ್ದರೆ ಮತ್ತೆ ಆ ಶಾಲೆ, ಮತ್ತೆ ಆ ಟೀಚರು. ತಮೇಕಾ ಒಂದು ಕಪ್ಪು ಪೆನ್ನು ಹುಡುಕಿ ಮಾರ್ಚ್ ತಿಂಗಳ ಮೇಲೆ ತಿದ್ದಿ ನೋಡಿದಳು. ಕಳ್ಳ ಕೈಗವಸು ಹಾಕಿಕೊಂಡು ಬಂದಂತೆ ಕಂಡಿತು. ಪೆನ್ನು ಕೆಳಗಿಟ್ಟು ಬಾಯಿ ಮುಕ್ಕಳಿಸಿದಳು.

ಹೋದ ಅಕ್ಟೋಬರಿನಲ್ಲಿ ಎಷ್ಟು ಜೋರಿನ ಹೆಂಗಸಾಗಿದ್ದಳು ಇವಳು! ಆಗ ಇದೇ ಮೇಜಿನ ಈ ತುದಿಯಲ್ಲಿ ಅವಳು ಕಿವಿಗೆ ಫೋನು ಸಿಕ್ಕಿಸಿಕೊಂಡು ಆಸ್ಪತ್ರೆಯ ಅಪಾಯಿಂಟ್‌ಮೆಂಟು ಬರೆದುಕೊಳ್ಳುವ ನೌಕರಿ ಮಾಡುತ್ತಿದ್ದಳು, ಆ ತುದಿಯಲ್ಲಿ ಝೂರಿಯ ಮೂರನೇ ತರಗತಿ ಕೊರೋನಾದ ದೆಸೆಯಿಂದ ಪರದೆಯ ಮೇಲೆ ನಡೆಯುತ್ತಿತ್ತು. ಶಾಲೆ ಶುರುವಾಗಿ ನಾಲ್ಕು ವಾರ. ಎಂಟು ವರ್ಷಗಳಲ್ಲಿ ಮೊದಲ ಸಲ ತಮೇಕಾ ಮಗಳ ತರಗತಿಯೊಳಗೆ ಕೂತಿದ್ದಳು, ಒಂದು ಕಿವಿಯಿಂದ. ಯಾವ ತಾಯಿಗೂ ಸಿಗದ ಭಾಗ್ಯ ಅದು, ಯಾವ ತಾಯಿಗೂ ಬೇಡದ್ದು ಕೂಡ. ಝೂರಿ ಓದುತ್ತಿದ್ದಳು, ನೆಟ್ಟು ಕೈಕೊಡುತ್ತಿತ್ತು, ಪದಗಳು ತುಂಡುತುಂಡಾಗಿ ಹೋಗುತ್ತಿದ್ದವು. ಟೀಚರು ಜೇನಿನಂಥ ದನಿಯಲ್ಲಿ, "ಸಾಕು ಝೂರಿ, ನಿನ್ನನ್ನ ನಿಧಾನದ ಗುಂಪಿಗೆ ಹಾಕ್ತೀನಿ, ಅಲ್ಲಿ ನಿನಗೆ ಹಿತವಾಗಿರುತ್ತೆ" ಎಂದರು. ಮರುಕ್ಷಣ ಪರದೆಯ ಮೇಲೆ ಇಪ್ಪತ್ತನಾಲ್ಕು ಕಿಟಕಿ ಹೋಗಿ ನಾಲ್ಕು ಕಿಟಕಿ ಬಂದವು. ನಾಲ್ಕರಲ್ಲೂ ಝೂರಿಯದೇ ಕಪ್ಪು ಬಣ್ಣದ ಮುಖಗಳು. ತಮೇಕಾ ಕರೆಯ ಆ ಕಡೆ ಇದ್ದ ಮಂಡಿನೋವಿನ ಮುದುಕನಿಗೆ ಒಂದು ನಿಮಿಷ ಎಂದು ಹೇಳಿ, ಮೇಜಿನ ಉದ್ದಕ್ಕೂ ಬಾಗಿ, ಪರದೆಗೆ ಮುಖ ತೂರಿಸಿ, "ಹಿತವಾಗಿರೋದು ಯಾರಿಗೆ, ಟೀಚರ್?" ಎಂದು ಕೇಳಿಯೇಬಿಟ್ಟಳು. ಆ ಮಾತನ್ನು ಆಮೇಲೆ ತಂಗಿಗೆ, ನಾದಿನಿಗೆ, ಚರ್ಚಿನ ನಾಲ್ವರಿಗೆ ಹೇಳಿದ್ದಳು. ಪ್ರತಿ ಸಲವೂ ಅದು ಸ್ವಲ್ಪ ಉದ್ದವಾಗುತ್ತ ಹೋಗಿತ್ತು. ವಾರದೊಳಗೆ ಮಗಳನ್ನು ಶಾಲೆ ಬಿಡಿಸಿದಳು. ಮನೆಯಲ್ಲೇ ಓದಿಸುತ್ತೇನೆಂಬ ಪ್ರಮಾಣಪತ್ರಕ್ಕೆ ನೋಟರಿ ಬೇಕಿತ್ತು. ಕಾರಿನ ನಂಬರು ಪ್ಲೇಟು ಮಾಡಿಸಿಕೊಡುವ ಮೂಲೆಯಂಗಡಿಯಲ್ಲಿ ಆ ಮನುಷ್ಯ ಮುದ್ರೆ ಒತ್ತುತ್ತ, "ಈ ತಿಂಗಳು ಕಾರಿಗಿಂತ ಮಕ್ಕಳೇ ಜಾಸ್ತಿ ಬರ್ತಿದಾರೆ ನೋಡಿ" ಎಂದಿದ್ದ. ಆಗ ಅವಳಿಗೆ ತಾನೊಂದು ದೊಡ್ಡ ಮೆರವಣಿಗೆಯಲ್ಲಿ ಸೇರಿಕೊಂಡೆ ಅನ್ನಿಸಿತ್ತು.

ಮೆರವಣಿಗೆ ಅಡುಗೆಮನೆಗೆ ಬಂದು ನಿಂತುಬಿಟ್ಟಿತು. ಮೊದಲ ಮೂರು ವಾರ ಗೋಡೆಯ ಮೇಲೆ ಬಣ್ಣದ ವೇಳಾಪಟ್ಟಿ ಇತ್ತು, ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಭೂಗೋಳ. ನವೆಂಬರಿಗೆ ಆಸ್ಪತ್ರೆಗೆ ಬರುವ ಕರೆಗಳು ಎರಡರಷ್ಟಾದವು, ಜನವರಿಗೆ ಲಸಿಕೆಯ ಕರೆಗಳು ಸೇರಿ ನಾಲ್ಕರಷ್ಟಾದವು. "ಐದು ನಿಮಿಷ ಇರು ಪುಟ್ಟಿ" ಎನ್ನುವುದೇ ಆ ಮನೆಯ ಮುಖ್ಯ ಪಾಠವಾಯಿತು. ಝೂರಿ ಮೇಜಿನ ಕೆಳಗೆ, ಮೆಟ್ಟಿಲ ಮೇಲೆ, ಬಚ್ಚಲುಮನೆಯಲ್ಲಿ, ಎಲ್ಲೆಂದರಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಓದುತ್ತಿದ್ದಳೋ ಸುಮ್ಮನೆ ಹಾಳೆ ತಿರುವುತ್ತಿದ್ದಳೋ ತಮೇಕಾಗೆ ಗೊತ್ತಿಲ್ಲ. ಮನೆಪಾಠದ ತಾಯಂದಿರ ಗುಂಪೊಂದು ಫೋನಿನಲ್ಲಿತ್ತು. ಅದರಲ್ಲಿ ದಿನಕ್ಕೊಂದು ಫೋಟೋ ಬರುತ್ತಿತ್ತು: ಮೊಟ್ಟೆಯ ಡಬ್ಬಿಯಿಂದ ಮಾಡಿದ ಕೋಟೆ, ಹಿತ್ತಲಲ್ಲಿ ಉಕ್ಕುವ ಜ್ವಾಲಾಮುಖಿ, ಲ್ಯಾಟಿನ್ ಹಾಡುವ ಅವಳಿ ಮಕ್ಕಳು. ಜಗತ್ತೇ ನಮ್ಮ ಪಾಠಶಾಲೆ ಎಂದು ಒಬ್ಬಳು ಬರೆದಿದ್ದಳು. ನನ್ನ ಜಗತ್ತಿನಲ್ಲಿ ಒಂದು ಫ್ರಿಜ್ಜು, ಒಂದು ಒಲೆ ಇದೆಯಮ್ಮ ಎಂದುಕೊಂಡು ತಮೇಕಾ ಅದಕ್ಕೊಂದು ಹೃದಯದ ಗುರುತು ಒತ್ತಿದ್ದಳು. ಕಾನೂನು ಹೇಳಿದ ವಿಷಯಗಳಲ್ಲಿ ಅವಳು ನಿಜವಾಗಿ ಕಲಿಸಿದ್ದು ಒಂದನ್ನೇ. ಬೆಂಕಿ ಅಪಘಾತ ತಡೆಯುವುದನ್ನು ವರ್ಷವಿಡೀ ಎಡೆಬಿಡದೆ ಕಲಿಸಬೇಕೆಂದು ಈ ರಾಜ್ಯದ ಕಾನೂನಿನಲ್ಲಿ ಬರೆದಿದೆ. ಡಿಸೆಂಬರಿನಲ್ಲಿ ಫೋನಿನಲ್ಲಿ ಮಾತಾಡುತ್ತ ಮಾತಾಡುತ್ತ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿಸಿದ್ದಳು. ತಟ್ಟೆ ಮುಚ್ಚಿ ಆರಿಸಿದವಳು ಝೂರಿ.

ಒಂಬತ್ತಕ್ಕೆ ಅಮ್ಮನ ಫೋನು ಬಂತು. ತಮೇಕಾಳ ತಾಯಿ ಅರ್ನೆಸ್ಟೈನ್ ಮೂವತ್ತೊಂದು ವರ್ಷ ಅದೇ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೊಮ್ಮಗಳನ್ನು ಶಾಲೆ ಬಿಡಿಸಿದಾಗಿನಿಂದ ಅವರು ಮಗಳ ಮೇಲೆ ಮುನಿಸಿಕೊಂಡಿದ್ದರು. ಮುನಿಸಿದ್ದರೂ ವಾರಕ್ಕೆ ಐದು ಸಲ ಫೋನು ಮಾಡುತ್ತಿದ್ದರು.

"ಕೇಕು ಸಿಕ್ತಾ?"

"ಸಿಕ್ತಮ್ಮ. ಲಮಾಂಟ್ ಬಸ್ಸಿನ ಡ್ಯೂಟಿಗೆ ಹೋಗೋ ಮುಂಚೆ ತಂದಿಟ್ಟು ಹೋದ್ರು. ಆದ್ರೆ ಪರೀಕ್ಷೆ ಮಾಡೋಕೆ ಬರೋರಿಗೆ ಕೇಕು ಕೊಟ್ರೆ ಲಂಚ ಆಗಲ್ವಾ?"

"ನಿಂಬೆಹಣ್ಣಿನ ಕೇಕು ಲಂಚ ಆಗೋದಿದ್ರೆ ನಮ್ಮ ಪಾದ್ರಿ ಇಷ್ಟೊತ್ತಿಗೆ ಜೈಲಲ್ಲಿರಬೇಕಿತ್ತು. ಹೆದರಿದೀಯ ಅಲ್ವಾ?"

"ಇಲ್ಲಪ್ಪ, ನಾನ್ಯಾಕೆ ಹೆದರ್ಲಿ."

"ಹೆದರು. ಹೆದರಿದ್ರೆ ಒಳ್ಳೇದು. ಆ ಸ್ಕೂಲಿನ ಬಾಗಿಲು ನಮ್ಮ ಮಕ್ಕಳಿಗೆ ತೆಗೆಸೋಕೆ ನಮ್ಮಪ್ಪ ಎಷ್ಟು ಜೊತೆ ಬೂಟು ಸವೆಸಿದ್ರು ಗೊತ್ತಾ? ನೀನು ಒಂದು ಮುದ್ರೆ ಒತ್ತಿಸ್ಕೊಂಡು ಆರಾಮಾಗಿ ಹೊರಗೆ ನಡೆದುಬಿಟ್ಟೆ."

"ಒಳಗಿದ್ದು ಆ ಟೀಚರ್ ಕೈಲಿ ಅನ್ನಿಸ್ಕೋಬೇಕಿತ್ತಾ?"

"ನಾನು ಹಾಗನ್ಲಿಲ್ಲ. ಹೊರಗೆ ತಂದಮೇಲೆ ಏನು ಕೊಟ್ಟೆ ಅಂತ ಕೇಳ್ತಿದೀನಿ ಅಷ್ಟೆ. ಇಡ್ತೀನಿ, ಒಲೆ ಮೇಲಿದೆ."

ಅಮ್ಮ ಯಾವಾಗಲೂ ಹೀಗೆ, ಮುಳ್ಳು ಚುಚ್ಚಿ ಒಲೆಯ ನೆಪ ಹೇಳಿ ಹೋಗುವವರು. ತಮೇಕಾ ಕೇಕು ಕೊಯ್ದಳು, ತುಂಡುಗಳು ಸೊಟ್ಟಗೆ ಬಂದವು. ಝೂರಿ ಹಳದಿ ಫ್ರಾಕು ಹಾಕಿಕೊಂಡು ಬಂದು, ಫೈಲಿನ ಮಾರ್ಚ್ ತಿಂಗಳನ್ನು ಬಗ್ಗಿ ನೋಡಿ, "ಇದೇನಮ್ಮ, ಇದಕ್ಕೆ ಮಸಿ ಮೆತ್ತಿದೀಯ?" ಎಂದಳು. ಸುಮ್ಮನೆ ಕೂತ್ಕೋ ಎಂದಳು ತಮೇಕಾ. ಮಗಳಿಗೆ ಪಟ್ಟಿಯ ಬಗ್ಗೆ ಏನೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ, ಎರಡು ದಿನ ಅವಳು ಪಕ್ಕದಲ್ಲೇ ಕೋಳಿಯ ಕಾಲು ಕಡಿಯುತ್ತ ಎಲ್ಲ ನೋಡಿದ್ದಳು.

ಮಿಸೆಸ್ ವಿಟೇಕರ್ ಹತ್ತಕ್ಕೆ ಎರಡು ನಿಮಿಷ ಮುಂಚೆಯೇ ಗುಡ್ಡದ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತರ ಹೆಂಗಸು, ಹೂವಿನ ಮಾಸ್ಕು, ಬಗಲಲ್ಲಿ ದಿಂಬಿನಷ್ಟು ದೊಡ್ಡ ಚೀಲ. ಮನೆಯೊಳಗೆ ಬರಲೊಲ್ಲದೆ ಮುಂದಿನ ಜಗಲಿಯಲ್ಲೇ ಕುರ್ಚಿ ಎಳೆದುಕೊಂಡು ಕೂತರು. "ಹಿಂದಿನ ವರ್ಷ ಹನ್ನೊಂದು ಮಕ್ಕಳ ಫೈಲು ನೋಡಿದ್ದೆ. ಈ ವರ್ಷ ಅರವತ್ತಮೂರು. ಈ ಬೀದಿಯಲ್ಲೇ ಇನ್ನೆರಡು ಮನೆ ಇದೆ. ಏನಾಗಿದೆ ಈ ಊರಿಗೆ?" ಎನ್ನುತ್ತ ಮಾಸ್ಕು ಕೆಳಗೆ ಮಾಡಿ ಕೇಕು ಕಚ್ಚಿದರು. "ಕೇಕಿಗೂ ಸಹಿಗೂ ಸಂಬಂಧ ಇಲ್ಲ. ಆದ್ರೂ ಇನ್ನೊಂದು ತುಂಡು ಕೊಡು." ತಮೇಕಾಗೆ ಇವರು ಒಳ್ಳೆಯವರು ಅನ್ನಿಸಿ ಧೈರ್ಯ ಬಂತು, ಬಹಳ ಒಳ್ಳೆಯವರು ಅನ್ನಿಸಿ ಮತ್ತೆ ಭಯವಾಯಿತು. ಅವರು ಝೂರಿಯ ಕೈಯಲ್ಲಿ ನಾಲ್ಕು ಲೆಕ್ಕ ಮಾಡಿಸಿ, ಆಮೇಲೆ ಓದಿಸಿದರು. ಆಕ್ಟೋಪಸ್ಸಿನ ಬಗ್ಗೆ ಎರಡು ಪುಟ. ಝೂರಿ ಸರಾಗವಾಗಿ ಓದಿದಳು, ನಡುವೆ ನಿಂತು "ಇದು ಸರಿಯಿಲ್ಲ ಮೇಡಂ, ಅದಕ್ಕೆ ಮೂರು ಹೃದಯ" ಎಂದು ಪುಸ್ತಕವನ್ನೇ ತಿದ್ದಿದಳು. ತಮೇಕಾ ಬಾಗಿಲಿಗೆ ಒರಗಿ ಬೆರಗಾಗಿ ಕೇಳಿದಳು. ಇವಳು ಇಷ್ಟು ಚೆನ್ನಾಗಿ ಓದುತ್ತಾಳೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವಲ್ಲ ಎಂಬುದು ಹಿಂದೆಯೇ ಬಂದು ಮುಖಕ್ಕೆ ರಾಚಿತು. ಬೆಂಕಿ ಹತ್ತಿದರೆ ಏನು ಮಾಡಬೇಕು ಎಂದು ಕೇಳಿದಾಗ ಝೂರಿ, "ಅಮ್ಮನ್ನ ಪಕ್ಕಕ್ಕೆ ತಳ್ಳಿ ತಟ್ಟೆ ಮುಚ್ಚಬೇಕು" ಎಂದಳು. ಮಿಸೆಸ್ ವಿಟೇಕರ್ ಕೇಕಿನ ಪುಡಿ ಹಾರುವಷ್ಟು ನಕ್ಕರು.

ಆಮೇಲೆ ಪಟ್ಟಿ ತೆಗೆದರು. ಬೆರಳು ನಿಧಾನವಾಗಿ ಇಳಿಯಿತು, ಹಾಳೆ ಮಗುಚಿತು, ಮತ್ತೆ ಇಳಿಯಿತು. ಕೆಳಗಿನ ರಸ್ತೆಯಲ್ಲಿ ಐಸ್‌ಕ್ರೀಮಿನ ಗಾಡಿ ಒಂದೇ ರಾಗವನ್ನು ಮತ್ತೆ ಮತ್ತೆ ಬಾರಿಸುತ್ತಿತ್ತು. ಪೆನ್ನು, ಪೆನ್ನು ಎಂದು ತಮೇಕಾಳ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಪೆನ್ನಿನ ಮಾತೇ ಎತ್ತಲಿಲ್ಲ.

"ಪ್ರತಿ ಶುಕ್ರವಾರ ಗ್ರಂಥಾಲಯ ಅಂತ ಬರೆದಿದೀಯ. ಈ ಗುಡ್ಡದ ಮೆಟ್ಟಿಲ ಕೆಳಗಿನದೇ ತಾನೆ?"

"ಹೌದು ಮೇಡಂ. ತಪ್ಪದೆ ಹೋಗ್ತಿದ್ವಿ."

"ಚಳಿಗಾಲದಲ್ಲೂ?"

"ಚಳಿಗಾಲದಲ್ಲೂ."

"ಬಾಗಿಲು ಹಾಕಿತ್ತಲ್ಲಮ್ಮ. ನವೆಂಬರಿಂದ ಏಪ್ರಿಲ್ ತನಕ. ಕಾಯಿಲೆ ಅಂತ."

ತಮೇಕಾಳ ಕಿವಿಯಲ್ಲಿ ಐಸ್‌ಕ್ರೀಮಿನ ಗಾಡಿ ಮಾತ್ರ ಉಳಿಯಿತು. ಆರು ತಿಂಗಳು ಜಗತ್ತೆಲ್ಲ ಬಾಗಿಲು ಹಾಕಿತ್ತು, ಹಾಕಿದ್ದಕ್ಕೇ ತಾನೆ ಇದೆಲ್ಲ ಶುರುವಾದದ್ದು. ಮೊನ್ನೆ ಪೆನ್ನು ಹಿಡಿದಾಗ ಅದೊಂದೇ ಮರೆತುಹೋಯಿತು. ಹಳೆಯ ಕಾಲದ ಒಳ್ಳೆಯ ತಾಯಿಯೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳ ದಿನಚರಿ ಬರೆದಿದ್ದಳು, ಆ ತಾಯಿ ಶುಕ್ರವಾರ ಮಗಳ ಕೈಹಿಡಿದು ಗ್ರಂಥಾಲಯಕ್ಕೆ ಹೋಗುತ್ತಿದ್ದಳು. ಏನಾದರೂ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಒಂದು ದನಿ ಬಂತು. ತಮೇಕಾಳದೇ ದನಿ, ದಿನಕ್ಕೆ ಎಂಟು ಗಂಟೆ ಅವಳು ಫೋನಿನಲ್ಲಿ ಆಡುವ ಬೆಣ್ಣೆಯಂಥ ದನಿ. ಆಡಿದವಳು ಝೂರಿ.

"ಹೌದು ಮೇಡಂ, ಮುಂದಿನ ಬಾಗಿಲು ಹಾಕಿತ್ತು. ನಾವು ಹಿಂದಿನ ಬಾಗಿಲಿಗೆ ಹೋಗ್ತಿದ್ವಿ. ಅಲ್ಲಿ ಮಿಸ್ಟರ್ ಟೋಬಯಸ್ ಅಂತ ಇದಾರೆ, ಅವರಿಗೆ ಎಡಗಿವಿ ಕೇಳಲ್ಲ, ಅದಕ್ಕೆ ಜೋರಾಗಿ ಬಡೀಬೇಕು. ಅವರು ಪುಸ್ತಕಗಳನ್ನ ಚೀಲದಲ್ಲಿ ಹಾಕಿ ಕೊಡ್ತಿದ್ರು. ಒಂದ್ಸಲ ನನಗೆ ಪೆಪ್ಪರ್‌ಮಿಂಟು ಕೊಟ್ರು. ಅಮ್ಮ ಬೇಡ ಅಂದ್ರು, ಮಾಸ್ಕು ತೆಗೀಬೇಕಾಗುತ್ತೆ ಅಂತ. ತಾವು ಕಾದಿದ್ದಕ್ಕೆ ಧನ್ಯವಾದ."

ಮಿಸೆಸ್ ವಿಟೇಕರ್ "ಓಹೋ" ಎಂದರು. ಝೂರಿ ಕಣ್ಣು ಮಿಟುಕಿಸಲಿಲ್ಲ, ನೀರು ಕುಡಿದಷ್ಟು ಸಲೀಸಾಗಿ ಹೇಳಿ, ಫ್ರಾಕಿನ ಅಂಚು ಸರಿಮಾಡಿಕೊಂಡಳು. ಒಂದು ಕ್ಷಣ ತಮೇಕಾಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದೇಕೆ. ಎಂಥ ಹುಡುಗಿ ಇವಳು, ಕಿವುಡ ಕಿವಿ ಎಡದ್ದೋ ಬಲದ್ದೋ ಎಂಬುದನ್ನೂ ಬಿಡದವಳು! ಅಸಮಾಧಾನದ ರೋಗಿಗಳಿಗೆ ಡಾಕ್ಟರು ಇನ್ನೇನು ಬಂದೇಬಿಟ್ಟರು ಎಂದು ತಾನು ಹೇಳುವಾಗ ಈ ಮೇಜಿನ ಕೆಳಗೆ ಕೂತು ಕಲಿತದ್ದು ಇದು. ಹಾಗನ್ನಿಸಿದ್ದೇ ತಡ, ಹೆಮ್ಮೆ ತಣ್ಣಗಾಯಿತು. ಹೊರಗೆ ತಂದಮೇಲೆ ಏನು ಕೊಟ್ಟೆ? ಇದನ್ನು ಕೊಟ್ಟೆ. ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಹಿ ಬೀಳಬಹುದು, ಝೂರಿ ಮನೆಯಲ್ಲೇ ಉಳಿಯುತ್ತಾಳೆ, ಈ ದನಿಯೂ ಅವಳಲ್ಲೇ ಉಳಿಯುತ್ತದೆ.

"ಸುಳ್ಳು ಮೇಡಂ" ಎಂದಳು ತಮೇಕಾ. "ಅವಳದಲ್ಲ, ನಂದು. ಟೋಬಯಸ್ಸೂ ಇಲ್ಲ, ಯಾರೂ ಇಲ್ಲ. ಪೂರಾ ಪಟ್ಟಿ ಶನಿವಾರ ಭಾನುವಾರ ಕೂತು ಬರೆದೆ."

"ಅಮ್ಮಾ!" ಝೂರಿ ಎದ್ದು ನಿಂತಳು. "ನಾನು ಚೆನ್ನಾಗೇ ಹೇಳ್ತಿದ್ನಲ್ಲ!"

"ತುಂಬಾ ಚೆನ್ನಾಗಿ ಹೇಳ್ದೆ ಮಗು" ಎಂದರು ಮಿಸೆಸ್ ವಿಟೇಕರ್. "ಆದ್ರೆ ಆ ಹಿಂದಿನ ಬಾಗಿಲಿನ ಬೀಗದ ಕೈ ನನ್ನ ಹತ್ರಾನೇ ಇರೋದು, ಗ್ರಂಥಾಲಯದ ಸಂಘಕ್ಕೆ ನಾನೇ ಕಾರ್ಯದರ್ಶಿ." ತಮೇಕಾಳ ಕಡೆ ತಿರುಗಿದರು. "ಇನ್ನು ನಿನ್ನ ಪೆನ್ನು. ಅದು ನನಗೆ ಎರಡನೇ ಪುಟಕ್ಕೇ ಗೊತ್ತಾಯ್ತು. ಈ ವರ್ಷ ಒಂದೇ ಪೆನ್ನಿನೋರು ನಿನ್ನ ಸೇರಿ ಏಳು ಜನ. ಬಾಯಿ ಬಿಟ್ಟು ಹೇಳಿದೋಳು ನೀನೊಬ್ಬಳು. ಹಾಗಂತ ಬಿಟ್ಬಿಡ್ತೀನಿ ಅನ್ಕೋಬೇಡ."

"ಈಗೇನು ಮಾಡ್ಲಿ?"

"ಹುಡುಗಿ ಓದ್ತಾಳೆ, ಲೆಕ್ಕಾನೂ ಬರುತ್ತೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಸುಳ್ಳು ಪಟ್ಟಿಗೆ ಸಹಿ ಹಾಕಲ್ಲ. ಐದು ಗಂಟೆಗೆ ಆ ಎರಡು ಮನೆ ಮುಗಿಸ್ಕೊಂಡು ಇದೇ ದಾರೀಲಿ ಇಳೀತೀನಿ. ಅಷ್ಟರೊಳಗೆ ಇಬ್ಬರೂ ಕೂತು ನಿಜವಾಗಿ ಏನೇನಾಯ್ತೋ ಬರೀರಿ. ನೆನಪಿಂದ ಬರೆದದ್ದು ಅಂತ ಮೇಲೇನೇ ಬರೀರಿ, ಅದನ್ನ ನಾನು ಪತ್ರದಲ್ಲೂ ಹೇಳ್ತೀನಿ. ಮಗು ಏನಾದ್ರೂ ಕಲಿತ ದಿನಗಳು ನೂರೆಂಬತ್ತು ಆದ್ರೆ ಸಹಿ. ನೂರೆಪ್ಪತ್ತೊಂಬತ್ತು ಆದ್ರೆ ಇಲ್ಲ." ಮಾಸ್ಕು ಮೇಲೇರಿಸಿ, ಉಳಿದ ಕೇಕನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದರು.

ಝೂರಿ, "ನಿನ್ನ ಬಚಾವ್ ಮಾಡಿದ್ದೆ, ನೀನೇ ಹಾಳು ಮಾಡ್ಕೊಂಡೆ" ಎಂದು ಹೇಳಿ ಮುಖ ಊದಿಸಿಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂತಳು. ತಮೇಕಾ ಕೆಲಸಕ್ಕೆ ಹೊಟ್ಟೆನೋವೆಂದು ಹೇಳಿ ರಜೆ ಹಾಕಲು ಹೊರಟು, ತಡೆದು, ಮಗಳ ಕೆಲಸವಿದೆ ಎಂದೇ ಹೇಳಿ ರಜೆ ಹಾಕಿದಳು. ಹೊಸ ಹಾಳೆ ತಂದಳು. ಅಕ್ಟೋಬರ್ ಸುಲಭವಾಗಿತ್ತು. ನವೆಂಬರಿನಲ್ಲಿ ತಮೇಕಾಗೆ ಏನೂ ನೆನಪಾಗದೆ ಪೆನ್ನು ನಿಂತಾಗ ಝೂರಿಗೆ ತಡೆಯಲಾಗಲಿಲ್ಲ, ಹೇಳತೊಡಗಿದಳು. ಎಷ್ಟೆಲ್ಲ ನಡೆದಿತ್ತು ಆ ಮನೆಯಲ್ಲಿ! ಅಪ್ಪನ ಹಳೆಯ ಬಸ್ಸಿನ ನಕ್ಷೆ ಹಿಡಿದು ಊರಿನ ಸೇತುವೆಗಳನ್ನೆಲ್ಲ ಎಣಿಸಿದ್ದು. ಅಜ್ಜಿ ಫೋನಿನಲ್ಲೇ ನಾನೂರು ಮಕ್ಕಳ ಅಡುಗೆಯ ಅಳತೆಯನ್ನು ನಾಲ್ಕು ಜನಕ್ಕೆ ಇಳಿಸಲು ಕಲಿಸಿದ್ದು, ಅದೂ ಎಷ್ಟೋ ಮಂಗಳವಾರ. ಆ ಶಾಲೆಯ ಬಾಗಿಲಿನ ಕಥೆಯನ್ನು, ಬೂಟು ಸವೆಸಿದ ಮುತ್ತಾತನ ಕಥೆಯನ್ನು ಹೇಳಿದ್ದು. "ಅಜ್ಜಿ ನಿನಗೆ ಹೇಳ್ಬೇಡ ಅಂದಿದ್ರು" ಎಂದಳು ಝೂರಿ. ಮುನಿಸಿಕೊಂಡ ಮುದುಕಿ ಬೆನ್ನ ಹಿಂದೆ ಪಾಠ ಮಾಡಿದ್ದಾರೆ! ತಮೇಕಾ ನಕ್ಕಳು, ನಗುನಗುತ್ತಲೇ ಕಣ್ಣೊರೆಸಿಕೊಂಡಳು. ಏನೂ ಇಲ್ಲದ ದಿನಗಳೂ ಇದ್ದವು. ಅವನ್ನು ಇಬ್ಬರೂ ಒಪ್ಪಿ ಬಿಟ್ಟರು. ಮೂರು ಗಂಟೆಯ ಹೊತ್ತಿಗೆ ಬಿಡಬಹುದಾದ ದಿನಗಳು ಮುಗಿಯುತ್ತ ಬಂದಿದ್ದವು.

"ಫೆಬ್ರವರಿ ಒಂದು, ಹಿಮ. ಅಂಗಳದ ಹಿಮ ಅಳೆದ್ವಿ" ಎಂದು ಬರೆದು ತಮೇಕಾ ಮುಂದಿನ ತಾರೀಖಿಗೆ ಹೋದಳು. "ಇನ್ನು ಮೂರು."

"ಎರಡು ಬಿಟ್ಟೆ."

"ಎರಡರಂದು ಏನೂ ನಡೀಲಿಲ್ಲ ಅನ್ಸುತ್ತೆ."

"ಗ್ರೌಂಡ್‌ಹಾಗ್ ದಿನ ಅಮ್ಮ. ಟೀವೀಲಿ ಆ ದಪ್ಪ ಅಳಿಲಿನಂಥ ಪ್ರಾಣೀನ ಬಿಲದಿಂದ ಎತ್ತಿ ಹಿಡಿದಿದ್ರು, ಅದು ತನ್ನ ನೆರಳು ನೋಡ್ತು, ಅದಕ್ಕೆ ಚಳಿ ಇನ್ನೂ ಆರು ವಾರ ಅಂದ್ರು. ನೀನು ಅಯ್ಯೋ ಅಂದೆ."

ತಮೇಕಾಗೆ ಗೊತ್ತಿತ್ತು. ಆ ಮುಂಜಾನೆಯನ್ನು ಅವಳು ನಾಲ್ಕೂವರೆ ತಿಂಗಳು ಸುತ್ತುಹಾಕಿಕೊಂಡು ಓಡಾಡಿದ್ದಳು. ಎಂಟಕ್ಕೇ ಅರವತ್ತು ಕರೆಗಳು ಸಾಲಿನಲ್ಲಿದ್ದವು, ಲಸಿಕೆ ಯಾವಾಗ ಎಂದು ಮುದುಕರು ಅಳುತ್ತಿದ್ದರು, ಝೂರಿ ಪುಸ್ತಕ ಹಿಡಿದು ಒಂದೇ ಪುಟದಲ್ಲಿ ತಡವರಿಸುತ್ತ ನಿಂತಿದ್ದಳು. ಆಗ ಬಂದ ಮಾತು ಅದು. ಮಕ್ಕಳು ಮರೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದಳು.

"ನನಗೆ ಆ ಪುಟ ಓದೋಕೆ ಬರ್ಲಿಲ್ಲ" ಎಂದಳು ಝೂರಿ, ಹವಾಮಾನ ಹೇಳುವಷ್ಟು ಸಹಜವಾಗಿ. "ಆ ಟೀಚರ್ ಹೇಳಿದ್ದೇ ಸರಿ ಕಣೆ ಅಂದೆ ನೀನು."

"ಅಂದೆ" ಎಂದಳು ತಮೇಕಾ. "ಅನ್ನಬಾರದಿತ್ತು ಝೂ. ಅದು ಸುಳ್ಳು. ಈ ಪಟ್ಟಿಗಿಂತ ದೊಡ್ಡ ಸುಳ್ಳು. ತಪ್ಪಾಯ್ತು ನಂದು."

"ಹೂಂ."

"ಆ ದಿನ ಬಿಟ್ಬಿಡೋಣ. ಅದು ಪಾಠದ ದಿನ ಅಲ್ಲ. ಒಂದು ಕಮ್ಮಿಯಾಗಿ ಸಹಿ ಹೋದ್ರೂ ಹೋಗ್ಲಿ."

"ಯಾಕೆ ಬಿಡಬೇಕು?" ಝೂರಿಗೆ ನಿಜವಾಗಿ ಸಿಟ್ಟು ಬಂತು. "ಅವತ್ತು ನಾನು ಎಷ್ಟು ಓದಿದೀನಿ ಗೊತ್ತಾ? ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಅದೇ ಪುಟ ಓದಿದೆ, ಮತ್ತೆ ಓದಿದೆ, ಊಟದ ತನಕ ಓದಿದೆ. ಬಂದ್ಬಿಡ್ತು. ಆಮೇಲೆ ನಿನ್ನ ಕುರ್ಚಿ ಹಿಂದೆ ನಿಂತು ಗಟ್ಟಿಯಾಗಿ ಓದಿದೆ, ಇಡೀ ಪುಟ, ಒಂದು ತಪ್ಪೂ ಇಲ್ಲ. ನೀನು ಫೋನಲ್ಲಿದ್ದೆ."

ಕೆಳಗಿನ ಬೀದಿಯಲ್ಲಿ ಯಾರೋ ಕಾರು ತೊಳೆಯುತ್ತಿದ್ದರು. ತಮೇಕಾ ಮಗಳ ಮುಖ ನೋಡಲಾರದೆ ಹಾಳೆ ನೋಡಿದಳು. ಅಪ್ಪಿಕೊಳ್ಳಬೇಕು ಅನ್ನಿಸಿತು. ಅಪ್ಪಿಕೊಳ್ಳಲು ಹೋದರೆ ಝೂರಿ ಮೊಣಕೈಯಿಂದ ತಡೆದು, "ಬರಿ ಅಮ್ಮ, ಅವರು ಬಂದ್ಬಿಡ್ತಾರೆ" ಎಂದಳು. ತಮೇಕಾ ಬರೆದಳು. ಫೆಬ್ರವರಿ ಎರಡು, ಮಂಗಳವಾರ. ಬೆಳಿಗ್ಗೆ ತಾಯಿ ಆಡಬಾರದ ಮಾತಾಡಿದಳು. ಮಧ್ಯಾಹ್ನ ಗಟ್ಟಿಯಾಗಿ ಓದು, ಒಂದು ಪುಟ, ತಪ್ಪಿಲ್ಲ. ಕೇಳಿಸಿಕೊಂಡವರು ಯಾರೂ ಇಲ್ಲ.

ಝೂರಿ ಬಗ್ಗಿ ಅದನ್ನು ಬಾಯೊಳಗೇ ಓದಿದಳು.

"ಸರಿಯಾಗಿದೆ" ಎಂದಳು. "ಇನ್ನು ಮೂರು."